ಬಿರುಕಿನ ಅಳತೆ ಎರಡೇ ಬೆರಳು

ಬಹಳ ಹಿಂದೆ, ಎಂದರೆ ಬೆಳಗಿನ ಚಹದ ಜೊತೆ ಪತ್ರಿಕೆ ಓದುತ್ತಿರುವ ತಮಗೆ ಯಾರ ಮುಖವೂ ನೆನಪಾಗಬಾರದಷ್ಟು ಹಿಂದೆ, ಸ್ವಸ್ತಿಪುರವೆಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜಾಧಿರಾಜ ಪ್ರಶಂಸಾದಿತ್ಯ ಪ್ರಭುಗಳು ಆಳುತ್ತಿದ್ದರು. ಪ್ರಭುಗಳು ದಿನಕ್ಕೆ ಮೂರು ಹೊತ್ತು ಹೊಗಳಿಕೆ ಸೇವಿಸುತ್ತಿದ್ದರು. ನಾಲ್ಕನೆಯದು ತಾನಾಗಿ ಬಂದರೆ ಬೇಡವೆನ್ನುತ್ತಿರಲಿಲ್ಲ. ಅರಮನೆಯ ಕಿಟಕಿಗೆ ಎದುರಾಗಿ ಗದ್ದುಗೆ ಗುಡ್ಡವೆಂಬ ಕಲ್ಲುಗುಡ್ಡವಿತ್ತು. ಗುಡ್ಡದ ಕೆಳಗೆ ನಲವತ್ತೊಂದು ಮನೆಗಳ ಬುಡದ ಓಣಿ ಇತ್ತು. ಕಿಟಕಿಯಿಂದ ಗುಡ್ಡ ಕಾಣುತ್ತಿತ್ತು, ಓಣಿ ಕಾಣುತ್ತಿರಲಿಲ್ಲ. ಕಿಟಕಿಯನ್ನು ಕಟ್ಟಿದವನು ಜಾಣ.

ಆ ವರ್ಷ ಪ್ರಭುಗಳ ಜನ್ಮೋತ್ಸವದ ಅಂಗವಾಗಿ ಗುಡ್ಡದ ನೆತ್ತಿಯ ಮೇಲೆ 'ಆಕಾಶ ಸರೋವರ'ವನ್ನು ತೋಡಲಾಗಿತ್ತು. ಕೆಳಗಿನ ಹೊಳೆಯಿಂದ ನಾಲ್ಕು ಪಂಪುಗಳು ಎಡೆಬಿಡದೆ ನೀರೆತ್ತುತ್ತಿದ್ದವು. ಸರೋವರವೆಂದ ಮೇಲೆ ಹಂಸಗಳಿರಬೇಕಲ್ಲ? ಹಂಸಗಳು ಸಿಗದಿದ್ದುದರಿಂದ ಹನ್ನೆರಡು ಬಾತುಕೋಳಿಗಳಿಗೆ ಸರ್ಕಾರಿ ಆದೇಶದ ಮೂಲಕ ಹಂಸಪದವಿ ನೀಡಿ ನೀರಿಗೆ ಬಿಡಲಾಗಿತ್ತು.

ಈಗ ಆ ರಾಜ್ಯದ ವಿದ್ಯೆಯ ಬಗ್ಗೆ ಒಂದು ಮಾತು ಹೇಳಬೇಕು. ಅಲ್ಲಿನ ಹಿರಿಯ ಪ್ರೌಢಶಾಲೆಯ ಭೂವಿಜ್ಞಾನದಲ್ಲಿ 'ಪ್ರಯೋಗ ೭: ಗದ್ದುಗೆ ಗುಡ್ಡದ ಬಿರುಕನ್ನು ಅಳೆಯುವುದು' ಎಂಬುದೊಂದಿತ್ತು. ನಲವತ್ತು ವರ್ಷದ ಹಿಂದೆ ಯಾರೋ ಒಬ್ಬ ಭೂಮಾಪಕ ಗುಡ್ಡದ ಮೇಲೆ ಬಿರುಕು ಕಂಡು, ವರ್ಷಕ್ಕೊಮ್ಮೆ ಮಕ್ಕಳು ಹತ್ತಿ ಅದನ್ನು ಅಳೆಯುತ್ತಿರಲಿ, ಬೆಳೆದರೆ ಊರಿಗೆ ತಿಳಿಯಲಿ ಎಂದು ಹಾಕಿಸಿದ ಪಾಠ ಅದು. ಮೊದಲ ವರ್ಷದ ಮಕ್ಕಳು ಹತ್ತಿದರು, ಅಳೆದರು, 'ಎರಡು ಬೆರಳು' ಎಂದು ಬರೆದರು. ಎರಡನೇ ವರ್ಷದ ಮಕ್ಕಳು ಮೊದಲ ವರ್ಷದವರ ಪ್ರಯೋಗ ವಹಿಯನ್ನು ಇಸಿದುಕೊಂಡರು. ಅಂದಿನಿಂದ ಗುಡ್ಡ ಹತ್ತುವ ತೊಂದರೆ ಯಾರಿಗೂ ಬರಲಿಲ್ಲ.

ವಹಿ ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ಇಳಿದು ಬರುತ್ತಿತ್ತು. ಮೊದಲು ಶಾಯಿಯಲ್ಲಿ ತೀರ್ಮಾನ ಬರೆಯುವುದು, ಆಮೇಲೆ ತೀರ್ಮಾನಕ್ಕೆ ಹೊಂದುವ ಅಳತೆಗಳನ್ನು ಪೆನ್ಸಿಲ್ಲಿನಲ್ಲಿ ತುಂಬುವುದು. ಇದಕ್ಕೆ ಆ ರಾಜ್ಯದಲ್ಲಿ ವೈಜ್ಞಾನಿಕ ವಿಧಾನವೆಂದು ಹೆಸರು. ಹಿಂದೊಮ್ಮೆ ಯಾವನೋ ವಿದ್ಯಾರ್ಥಿ ಊಟ ಮಾಡುತ್ತ ಬರೆಯುವಾಗ ಪುಟದ ಮೇಲೆ ಸಾರಿನ ಹನಿ ಬಿದ್ದಿತ್ತು. ಮುಂದಿನವರು ಅದನ್ನೂ ಹಳದಿ ಬಣ್ಣದಲ್ಲಿ ಶ್ರದ್ಧೆಯಿಂದ ಬಿಡಿಸಿ 'ಚಿತ್ರ ೩' ಎಂದು ಹೆಸರಿಟ್ಟರು. ಅದಕ್ಕೆ ಎರಡು ಅಂಕವಿತ್ತು.

ಎಲ್ಲವೂ ಸುಖವಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ನೆರೆಹೊರೆಯ ಐವತ್ತಾರು ದೇಶಗಳ 'ಅನ್ವೇಷಣಾ ಸೂಚ್ಯಂಕ' ಪ್ರಕಟವಾಗಿ, ಸ್ವಸ್ತಿಪುರ ಐವತ್ತಾರನೆಯದಾಯಿತು. ಪ್ರಭುಗಳು ಶಿಕ್ಷಣಮಂತ್ರಿ ತಥಾಸ್ತುಸೇನನನ್ನು ಕರೆಸಿದರು.

"ಅಮಾತ್ಯಾ, ಬರುವ ಸೋಮವಾರದೊಳಗಾಗಿ ನಮ್ಮ ಮಕ್ಕಳೆಲ್ಲರೂ ಅನ್ವೇಷಿಸತಕ್ಕದ್ದು."

"ಪ್ರಭು, ತಾವು ಆ ಪದವನ್ನು ಉಚ್ಚರಿಸಿದ ಮಾತ್ರಕ್ಕೇ ಅರ್ಧ ಅನ್ವೇಷಣೆ ಮುಗಿಯಿತು. ಉಳಿದರ್ಧಕ್ಕೆ ಟೆಂಡರ್ ಕರೆಯುತ್ತೇನೆ," ಎಂದು ತಥಾಸ್ತುಸೇನ ಕೈಮುಗಿದ.

ಹಾಗೆ ಹುಟ್ಟಿದ್ದು ಅನ್ವೇಷಣಾ ಕೌಶಲ ಅಭಿಯಾನ. ಕುತೂಹಲವನ್ನು ಮಂಗಳವಾರ ಮತ್ತು ಗುರುವಾರ ಮೂರನೇ ಪಿರಿಯಡ್ಡಿನಲ್ಲಿ ಮಾತ್ರ ಪಡತಕ್ಕದ್ದೆಂದು ಸುತ್ತೋಲೆ ಹೊರಟಿತು. ಕೇಳಬಹುದಾದ ಹನ್ನೊಂದು ಪ್ರಶ್ನೆಗಳನ್ನು ಇಲಾಖೆಯೇ ಅಚ್ಚು ಹಾಕಿಸಿತು. ಉತ್ತರಗಳನ್ನು ಅದಕ್ಕೂ ಮೊದಲೇ ಕಳಿಸಿಯಾಗಿತ್ತು. ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೊಂದು ಭೂತಕನ್ನಡಿ ಹಂಚಲಾಯಿತು. ಗಾಜಿನ ಮಧ್ಯದಲ್ಲಿ ಪ್ರಭುಗಳ ಭಾವಚಿತ್ರ ಅಚ್ಚಾಗಿದ್ದುದರಿಂದ ಕಲ್ಲು ನೋಡಿದರೂ ಪ್ರಭುಗಳೇ ಕಾಣುತ್ತಿದ್ದರು, ಮಣ್ಣು ನೋಡಿದರೂ ಪ್ರಭುಗಳೇ ಕಾಣುತ್ತಿದ್ದರು. ಸಗಣಿಹುಳದ ವಿಷಯದಲ್ಲಿ ಸ್ವಲ್ಪ ಮುಜುಗರವಾಗಿ, ಆ ಪಾಠವನ್ನು ಕೈಬಿಡಲಾಯಿತು. ಶಿಕ್ಷಕರಿಗೆ ಮೂರು ದಿನದ ಕಾರ್ಯಾಗಾರವಾಯಿತು: ಮೊದಲ ದಿನ ದೀಪ ಬೆಳಗಿದರು, ಎರಡನೇ ದಿನ ಗ್ರೂಪ್ ಫೋಟೋ ತೆಗೆಸಿಕೊಂಡರು, ಮೂರನೇ ದಿನ ತುಂಬ ಕಲಿತೆವೆಂದು ಫಾರಮ್ಮಿನಲ್ಲಿ ಬರೆದುಕೊಟ್ಟು ಬಸ್ಸು ಹಿಡಿದರು.

ಎಡವಟ್ಟಾದದ್ದು ಒಬ್ಬನೇ ಒಬ್ಬ ಮನುಷ್ಯನಿಂದ. ಭೂವಿಜ್ಞಾನದ ಪಂಪಾಪತಿ ಮಾಸ್ತರರು ಸುತ್ತೋಲೆಯನ್ನು ಕೊನೆಯ ಸಾಲಿನವರೆಗೆ ಓದಿಬಿಟ್ಟರು. ಬೇರೆ ದೇಶದ ಸುತ್ತೋಲೆಯನ್ನು ನಕಲು ಮಾಡುವಾಗ ಗುಮಾಸ್ತ ಅಳಿಸಲು ಮರೆತಿದ್ದ ಸಾಲು ಅದು: 'ವಿದ್ಯಾರ್ಥಿಗಳು ಸ್ವತಃ ಅಳೆದು, ಕಂಡದ್ದನ್ನೇ ಬರೆಯಬೇಕು.' ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಇಂಥ ಆದೇಶ ಬಂದದ್ದು ಇದೇ ಮೊದಲೆಂದು ಮಾಸ್ತರರಿಗೆ ಕಣ್ಣು ತುಂಬಿ ಬಂತು. ಪಾಪ, ಸರ್ಕಾರ ಅದನ್ನು ನಿಜವಾಗಿ ಹೇಳಿದೆಯೆಂದೇ ನಂಬಿದರು.

ಮರುದಿನ ತರಗತಿಯಲ್ಲಿ ಕೇಳಿದರು: "ಗದ್ದುಗಿ ಗುಡ್ಡದ ಬಿರುಕು ಎಷ್ಟೈತಿ?"

"ಎರಡ್ ಬೆರಳ್ರಿ ಸರ!" ಎಂದು ಮೂವತ್ತು ಬಾಯಿಗಳು ಒಟ್ಟಿಗೆ ಕೂಗಿದವು.

"ಯಾರು ನೋಡೀರಿ?"

ಮೂವತ್ತು ಮಂದಿಯೂ ವಹಿ ತಿರುವಿದರು. ಕಡೆಗೆ ಬುಡದ ಓಣಿಯ ಕಸ್ತೂರಿ ಎದ್ದು ನಿಂತಳು. ಹಪ್ಪಳ ಮಾಡಿ ಮಾರುವ ಹುಲಿಗೆವ್ವನ ಕಿರಿಮಗಳು ಅವಳು. "ನಮ್ಮಕ್ಕನ ವಹಿಯೊಳಗ ಹಂಗ ಐತ್ರಿ."

"ನಿಮ್ಮಕ್ಕಗ ಹೆಂಗ ಗೊತ್ತಾತು?"

"ಆಕಿ ಮತ್ತೊಬ್ಬರ ವಹಿ ನೋಡಿ ಬರದಾಳ್ರಿ."

"ಹಂಗಾರ ಏಳ್ರಿ," ಎಂದರು ಮಾಸ್ತರರು. "ಇವತ್ತು ಗುಡ್ಡಾನ್ನ ಕೇಳಿಕೊಂಡು ಬರೋಣು."

ಗುಡ್ಡದ ಮೇಲೆ ಸರೋವರದ ದಂಡೆಯಿಂದ ಹತ್ತು ಮಾರು ದೂರದಲ್ಲಿ ಬಿರುಕು ಇತ್ತು. ಕಸ್ತೂರಿ ಎರಡು ಬೆರಳಿಟ್ಟಳು, ಸಾಲಲಿಲ್ಲ. ನಾಲ್ಕು ಬೆರಳಿಟ್ಟಳು. ಕೊನೆಗೆ ಬಿದಿರು ಪಟ್ಟಿಯ ಮೇಲೆ ಬೆರಳಗಲದ ಗೆರೆಗಳನ್ನು ಕೊರೆದು ಅಳೆದಾಗ ಏಳು ಬೆರಳು ಬಂತು. ಅವಳಿಗೆ ನಾಚಿಕೆಯಾಯಿತು.

"ಸರ, ನನ್ನ ಬೆರಳ ಸಣ್ಣವು ಇರಬೇಕ್ರಿ. ಎರಡು ಅಂತ ಬರೀಲೇನ್ರಿ?"

"ಬೆರಳು ನಿನ್ನವ, ಕಣ್ಣು ನಿನ್ನವ. ಅವನ್ನ ನಂಬಲಿಲ್ಲಂದ್ರ ಯಾರನ್ನ ನಂಬತೀ? ಮೂರು ಸರ್ತಿ ಅಳಿ, ಮೂರು ಮಂದಿ ಅಳೀರಿ. ಬಂದದ್ದನ್ನ ಶಾಯಿಲೆ ಬರೀರಿ. ಪೆನ್ಸಿಲ್ಲಿನಾಗ ಬರದ್ರ ಅಳಸೂ ಮನಸ್ಸಾಗ್ತೈತಿ."

ಮಕ್ಕಳು ಬಿರುಕಿನ ಎರಡೂ ಮಗ್ಗುಲಿಗೆ ಕಬ್ಬಿಣದ ಗೂಟ ಹೊಡೆದರು. ಪ್ರತಿ ಶನಿವಾರ ಹೋಗಿ ಅಳೆದರು. ಮುಂದಿನ ವಾರ ಎಂಟು ಬೆರಳಾಯಿತು, ಅದರ ಮುಂದಿನ ವಾರ ಒಂಬತ್ತೂವರೆ. ಅಷ್ಟರಲ್ಲಿ ಹಾರಿ ಹೊಳೆಗೆ ಬಿದ್ದ ರಾಜಹಂಸಗಳ ಪುಕ್ಕ ಸಿಕ್ಕಿಕೊಂಡು ಪಂಪುಗಳು ಕೆಟ್ಟವು, ರಿಪೇರಿಗೆ ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಬಿರುಕು ಒಂದು ಗೆರೆಯೂ ಅಗಲವಾಗಲಿಲ್ಲ. ಪಂಪು ಶುರುವಾದ ವಾರ ಹನ್ನೊಂದು ಬೆರಳಿಗೆ ಬಂತು.

"ಸರೋವರದ ನೀರ ಇಳದು ಗುಡ್ಡ ಸೀಳಾಕಹತ್ತೈತ್ರಿ ಸರ!" ಎಂದಳು ಕಸ್ತೂರಿ.

ಮಾಸ್ತರರು ಒಪ್ಪಲಿಲ್ಲ. "ಯಾಕ, ಮಳಿ ನೀರು ಇರಬಾರದೇನು?"

"ಮಳಿ ಎಲ್ಲೈತ್ರಿ? ನಮ್ಮವ್ವ ಎರಡು ತಿಂಗಳಾತು ಮಾಳಿಗಿ ಮ್ಯಾಲ ಹಪ್ಪಳ ಒಣಗಸಾಕಹತ್ತಾಳ. ಒಂದು ಹಪ್ಪಳಾನೂ ತೊಯ್ದಿಲ್ಲ."

ಮಾಸ್ತರರು ನಕ್ಕು ಅದನ್ನೂ ಬರೆಸಿದರು. ಆದರೂ ಹುಡುಗಿಗೆ ಸಮಾಧಾನವಾಗಲಿಲ್ಲ. ಓಣಿಯ ಗೋಡೆಗಳು ಬುಡದಲ್ಲಿ ಜಿನುಗುತ್ತಿದ್ದವು. ಆ ನೀರು ಸರೋವರದ್ದೇ ಹೌದೋ ಅಲ್ಲವೋ ಗೊತ್ತಾಗಬೇಕಿತ್ತು. ತರಗತಿಯ ಮಕ್ಕಳೆಲ್ಲ ಮನೆಮನೆಯಿಂದ ಬಟ್ಟೆಗೆ ಹಾಕುವ ನೀಲಿಯನ್ನು ತಂದು, ಬಿರುಕಿನ ಮಗ್ಗುಲಿನ ದಂಡೆಯಿಂದ ಸರೋವರದ ನೀರಿಗೆ ಸುರಿದರು. ನಾಲ್ಕನೇ ದಿನ ಹುಲಿಗೆವ್ವನ ಅಡುಗೆಮನೆಯ ಗೋಡೆ ನೀಲಿಯಾಯಿತು.

ಅದೇ ಹೊತ್ತಿಗೆ ಹನ್ನೆರಡು ರಾಜಹಂಸಗಳೂ ನೀಲಿಯಾದವು. ಗೋಡೆ ಮಾತ್ರ ನೀಲಿಯಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ; ಹಂಸಗಳಿಗೆ ಪದವಿ ಇತ್ತಲ್ಲ, ಹಾಗಾಗಿ ತನಿಖೆಯಾಯಿತು. ಪ್ರಯೋಗ ವಹಿಗಳನ್ನು ಜಪ್ತಿ ಮಾಡಿದರು. ಕಸ್ತೂರಿಯ ವಹಿಯ ಮೇಲೆ ಪರೀಕ್ಷಕರು ಕೆಂಪು ಶಾಯಿಯಲ್ಲಿ ಷರಾ ಬರೆದರು: 'ವಿದ್ಯಾರ್ಥಿನಿಯು ಮಾದರಿಗಿಂತ ಒಂಬತ್ತು ಬೆರಳು ಹೆಚ್ಚು ಕಂಡಿದ್ದಾಳೆ. ಚಿತ್ರ ೩ ಬಿಡಿಸಿಲ್ಲ. ಅಂಕ: ಸೊನ್ನೆ.' ಬಳಿಕ ಗುರುಶಿಷ್ಯರಿಬ್ಬರನ್ನೂ ಆಸ್ಥಾನಕ್ಕೆ ಕರೆತಂದರು.

"ನಮ್ಮ ಹಂಸಗಳು ನೀಲಿಯಾದುದೇಕೆ?" ಎಂದು ಪ್ರಭುಗಳು ಕೇಳಿದರು.

"ಪ್ರಭುಗಳ ಕೀರ್ತಿಯು ಆಕಾಶಕ್ಕೆ ತಗುಲಿ, ಆಕಾಶದ ಬಣ್ಣ ಹಂಸಗಳಿಗೆ ಇಳಿದಿದೆಯೆಂದು ಪಂಡಿತರ ಅಭಿಪ್ರಾಯ," ಎಂದ ತಥಾಸ್ತುಸೇನ. "ಈ ಹುಡುಗಿ ನೀಲಿ ಸುರಿದಳೆಂಬ ಇನ್ನೊಂದು ಅಭಿಪ್ರಾಯವೂ ಇದೆ. ಅದು ಅಲ್ಪಮತದ್ದು."

ಕಸ್ತೂರಿ ಮುಂದೆ ಬಂದಳು. "ಮಹಾರಾಜರ, ನೀಲಿ ಹಾಕಿದಾಕಿ ನಾನ. ಸರೋವರದ ನೀರು ಗುಡ್ಡದಾಗ ಇಳದು ನಮ್ಮ ಗೋಡ್ಯಾಗ ಬರಾಕಹತ್ತೈತ್ರಿ. ಪಂಪು ನಿಂತಾಗ ಬಿರುಕೂ ನಿಂತಿತ್ತು, ಚಾಲೂ ಆದ ಮ್ಯಾಲೆ ಅದೂ ಚಾಲೂ ಆತು. ಇವತ್ತಿಗೆ ಹನ್ನೆರಡು ಬೆರಳು, ಅಂದ್ರ ಒಂದು ಗೇಣು ಆಗೈತಿ. ಪಂಪು ಬಂದ್ ಮಾಡಸ್ರಿ. ನಲವತ್ತೊಂದು ಮನಿ ಮಂದೀನ್ನ ಬ್ಯಾರೆ ಕಡೆ ಇಡ್ರಿ."

"ಅಂದರೆ ಗುಡ್ಡ ಬೀಳುತ್ತದೆಯೋ? ಯಾವಾಗ?"

"ಯಾವಾಗ ಅಂತ ಗೊತ್ತಿಲ್ರಿ. ಬಿರುಕು ನಿಂತಿಲ್ಲ ಅನ್ನೂದಷ್ಟ ಗೊತ್ತೈತಿ."

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಆಸ್ಥಾನದ ಜ್ಯೋತಿಷಿಗಳು ಎದ್ದು ಬೆರಳು ಮಡಚಿ, ಗದ್ದುಗೆ ಗುಡ್ಡವು ಇನ್ನೂ ಎಂಟುನೂರ ಹನ್ನೆರಡು ವರ್ಷ, ನಾಲ್ಕು ತಿಂಗಳು, ಆರು ದಿನ ನಿಲ್ಲುವುದೆಂದು ಸಾರಿದರು. ಪ್ರಭುಗಳ ಮುಖ ಅರಳಿತು. "ನೋಡು ಮಗಳೇ, ವಿಜ್ಞಾನವೆಂದರೆ ಇದು. ಎಷ್ಟು ಖಚಿತವಾಗಿ ಹೇಳಿದರು! ನೀನು ಗೊತ್ತಿಲ್ಲ ಎನ್ನುತ್ತೀ."

ಪಂಪಾಪತಿ ಮಾಸ್ತರರಿಗೆ ತಡೆಯಲಾಗಲಿಲ್ಲ. "ಪ್ರಭೂ, ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೂದು ಕಲಿಯಾಕ ನನಗ ಅರ್ಧ ಆಯುಷ್ಯ ಬೇಕಾತು. ಈ ಹುಡುಗಿ ಎರಡು ತಿಂಗಳದಾಗ ಕಲತಾಳ. ನಮ್ಮನ್ನ ನಂಬೂದು ಬ್ಯಾಡ್ರಿ. ತಾವ ಒಂದು ಸರ್ತಿ ಬಂದು ನೋಡ್ರಿ, ಸಾಕು."

ಪ್ರಭುಗಳು ಸಿಂಹಾಸನದಿಂದ ಅರ್ಧ ಎದ್ದರು. ಚರಿತ್ರೆಯಲ್ಲಿ ಬರೆದಿಡಬೇಕಾದ ಕ್ಷಣವದು; ಮನುಷ್ಯ ಕೆಟ್ಟವನೇನಲ್ಲ. "ಹೋಗಿ ನೋಡಿಕೊಂಡು ಬಂದರೆ ಏನಾದೀತು?" ಎಂದು ತಮ್ಮಷ್ಟಕ್ಕೆ ತಾವೇ ಅಂದುಕೊಂಡರು.

ತಥಾಸ್ತುಸೇನ ಓಡಿಬಂದು ಪಾದ ಹಿಡಿದುಕೊಂಡ. "ಎಂಥ ಮಾತು ಪ್ರಭು! ತಾವು ಹೋಗಿ ನೋಡಿದರೆ ತಮಗೆ ಅನುಮಾನ ಬಂದಿತ್ತೆಂದಾಗುತ್ತದೆ. ಗುಡ್ಡ ಮನನೊಂದೀತು. ಸೂಚ್ಯಂಕದವರ ಕಿವಿಗೆ ಬಿದ್ದರೆ ಐವತ್ತೇಳನೆಯ ಸ್ಥಾನವನ್ನು ಹೊಸದಾಗಿ ತೆರೆದು ನಮಗೆ ಕೊಟ್ಟಾರು. ಇಷ್ಟಕ್ಕೂ ತಪ್ಪು ಬಿರುಕಿನದಲ್ಲ, ಬೆರಳಿನದು. ನಲವತ್ತು ವರ್ಷದಿಂದ ಎರಡು ಬೆರಳಿದ್ದ ಬಿರುಕು ಹನ್ನೆರಡಾಗಿದೆಯೆಂದರೆ, ಪ್ರಜೆಗಳ ಬೆರಳು ಸೊರಗಿವೆಯೆಂದೇ ಅರ್ಥ."

ಪ್ರಭುಗಳು ಕೂತುಬಿಟ್ಟರು. ಅಂದೇ ಸಂಜೆ ರಾಜಾಜ್ಞೆ ಹೊರಟಿತು: ಇನ್ನು ಮುಂದೆ ರಾಜ್ಯದಲ್ಲಿ 'ರಾಜಬೆರಳು' ಜಾರಿಯಲ್ಲಿರತಕ್ಕದ್ದು, ಒಂದು ರಾಜಬೆರಳೆಂದರೆ ಹಳೆಯ ಆರು ಬೆರಳು. ಬಿರುಕು ಮತ್ತೆ ಎರಡೇ ಬೆರಳಾಯಿತು. ಮುಂದಿನ ವಾರ ಅದು ಹದಿನಾಲ್ಕಕ್ಕೆ ಏರಿದಾಗ ರಾಜಬೆರಳನ್ನು ಏಳಕ್ಕೆ ಏರಿಸಿದರು. ಹೀಗೆ ಪ್ರತಿ ಶನಿವಾರ ಬೆರಳಿನ ಪರಿಷ್ಕೃತ ಪಟ್ಟಿ ಬರತೊಡಗಿತು. ಬಡಿಗರು ಹಿಂದಿನ ವಾರದ ಬೆರಳಿನಲ್ಲಿ ಮಾಡಿದ ಬಾಗಿಲು ಈ ವಾರದ ಬೆರಳಿನ ಚೌಕಟ್ಟಿನಲ್ಲಿ ಕೂರದೆ, ಊರಿನ ಹೊಸ ಮನೆಗಳೆಲ್ಲ ಬಾಯಿ ತೆರೆದುಕೊಂಡೇ ನಿಂತವು. ಮಾಸ್ತರರನ್ನು ಶಾಲೆಯಿಂದ ತೆಗೆದು 'ಬಿರುಕು ಸಾಕ್ಷ್ಯಾಧಿಕಾರಿ'ಯನ್ನಾಗಿ ಮಾಡಿದರು. ದಿನವೂ ಗುಡ್ಡದ ಮೇಲೆ ಕೂತು, ಬಿರುಕು ಎರಡೇ ಬೆರಳಿದೆಯೆಂದು ಸಹಿ ಹಾಕುವುದು ಅವರ ಕೆಲಸ. ಬುಡದ ಓಣಿ ಬಿಟ್ಟು ಹೋಗುವುದು ರಾಜ್ಯದ ಸ್ಥಿರತೆಗೆ ಮಾಡಿದ ಅಪಮಾನವೆಂದೂ, ಅಂಥವರ ಪಡಿತರ ಚೀಟಿ ರದ್ದಾಗುವುದೆಂದೂ ಮನೆಮನೆಗೆ ನೋಟೀಸು ಅಂಟಿಸಿದರು.

ನೋಟೀಸು ಅಂಟಿಸಿದ ದಿನ ಕಸ್ತೂರಿ ಮನೆಗೆ ಬಂದಾಗ ಹುಲಿಗೆವ್ವ ಹಪ್ಪಳದ ಹಿಟ್ಟು ಕುಟ್ಟುತ್ತಿದ್ದಳು. ಓದು ಬರಹ ತಿಳಿಯದ ಹೆಂಗಸು.

"ಯವ್ವಾ, ಮನಿ ಬಿಡೂನು."

"ರೇಷನ್ ಚೀಟಿ ಹೋಗ್ತೈತಂತಲ್ಲ? ನಿನ್ನ ಪರೀಕ್ಷಿನೂ ಹೋತು. ರಾಜನ ಮಂದಿ ಏನೂ ಆಗೂದಿಲ್ಲ ಅಂತಾರ."

"ಅವರು ನೋಡಿಲ್ಲಬೇ."

ಹುಲಿಗೆವ್ವ ಒನಕೆ ನಿಲ್ಲಿಸಿದಳು. "ನೀ ನೋಡೀಯೇನು?"

"ನೋಡೇನಿ. ನನ್ನ ಕೈಲೆ ಅಳದೇನಿ."

"ಮತ್ತ ಇನ್ನೇನು, ನಡಿ," ಎಂದು ಹುಲಿಗೆವ್ವ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಎದ್ದಳು. ಇಡೀ ರಾಜ್ಯದಲ್ಲಿ ಅನ್ವೇಷಣಾ ಕೌಶಲ ಅಷ್ಟು ಬೇಗ ಅರ್ಥವಾದದ್ದು ಅವಳೊಬ್ಬಳಿಗೇ ಇರಬೇಕು.

ತಾಯಿ ಮಗಳು ಮನೆಮನೆ ತಿರುಗಿದರು. ಹದಿನೆಂಟು ಮನೆಯವರು ಗಂಟುಮೂಟೆ ಕಟ್ಟಿಕೊಂಡು ಹೊಳೆಯಾಚೆ ತಗಡಿನ ಜೋಪಡಿ ಹಾಕಿಕೊಂಡರು. ಇಪ್ಪತ್ಮೂರು ಮನೆಯವರು ಚೀಟಿಗೆ ಹೆದರಿ ಉಳಿದರು. ಅವರನ್ನು ದಡ್ಡರೆನ್ನಬೇಡಿ. ಮನೆಯಲ್ಲಿ ಐದು ಬಾಯಿಗಳಿರುವಾಗ ಗುಡ್ಡಕ್ಕಿಂತ ಪಡಿತರ ಹತ್ತಿರದ ಭಯ. ಮಾಸ್ತರರು ದಿನಾ ಸಂಜೆ ಗುಡ್ಡ ಇಳಿದು ಬಂದು ಆ ಬಾಗಿಲುಗಳ ಮುಂದೆ ನಿಂತು ಕೈಮುಗಿದು ಕೇಳಿಕೊಳ್ಳುತ್ತಿದ್ದರು.

ಒಂದು ಶುಕ್ರವಾರ ಬೆಳಿಗ್ಗೆ, ಚುರುಚುರು ಬಿಸಿಲಿನಲ್ಲಿ, ಮಾಸ್ತರರು ಗುಡ್ಡ ಹತ್ತಿ ನೋಡಿದರೆ ಕಬ್ಬಿಣದ ಗೂಟಗಳು ಕಿತ್ತುಬಂದಿದ್ದವು, ಬಿರುಕಿನ ಒಳಗಿನಿಂದ ಕಲ್ಲು ಕಲ್ಲನ್ನು ಅರೆಯುವ ಸದ್ದು ಬರುತ್ತಿತ್ತು. ಅವರು ಸಹಿ ಹಾಕಲಿಲ್ಲ. ಓಡುತ್ತ ಇಳಿದು, "ಹೊರಗ ಬರ್ರಿ! ಕೂಸುಗಳನ್ನ ಎತಗೊಂಡು ಓಡ್ರಿ!" ಎಂದು ಒಂದೊಂದೇ ಬಾಗಿಲು ಬಡಿದರು. ಹದಿನೈದು ಮನೆಗಳು ಖಾಲಿಯಾದವು. ಹದಿನಾರನೆಯ ಮನೆಯಲ್ಲಿ ಎದ್ದು ನಡೆಯಲಾರದ ಒಬ್ಬ ಮುದುಕಿಯಿದ್ದಳು. ಮಾಸ್ತರರು ಅವಳನ್ನು ಎತ್ತಿಕೊಳ್ಳಲು ಒಳಗೆ ಹೋದಾಗ ಗದ್ದುಗೆ ಗುಡ್ಡದ ಅರ್ಧಭಾಗ, ಸರೋವರದ ಸಮೇತ, ಓಣಿಯ ಮೇಲೆ ಬಂದು ಕೂತಿತು.

ಮರುದಿನವೇ ರಾಜ್ಯ ತನಿಖಾ ಆಯೋಗವು ಸ್ಥಳಕ್ಕೆ ಭೇಟಿ ಕೊಟ್ಟಿತು. ಸ್ವಸ್ತಿಪುರದ ಇತಿಹಾಸದಲ್ಲಿ ಅಧಿಕಾರಿಗಳು ಬಿರುಕನ್ನು ಕಣ್ಣಾರೆ ನೋಡಲು ಹೋದದ್ದು ಅದೇ ಮೊದಲು. ಹತ್ತಿ ನೋಡಿದರು, ಇಳಿದು ನೋಡಿದರು, ಭೂತಕನ್ನಡಿ ಹಿಡಿದು ನೋಡಿದರು. ಬಿರುಕು ಎಲ್ಲಿಯೂ ಇರಲಿಲ್ಲ. ಬಿರುಕಿನ ಒಂದು ಮಗ್ಗುಲು ಕೆಳಗೆ ಬಿದ್ದ ಮೇಲೆ ಬಿರುಕು ಎಲ್ಲಿಂದ ಬಂದೀತು? ವರದಿ ಪ್ರಾಮಾಣಿಕವಾಗಿಯೇ ಇತ್ತು: 'ಬಿರುಕು: ಸೊನ್ನೆ ಬೆರಳು.' ಕ್ಷೇತ್ರ ಅಧ್ಯಯನಕ್ಕಾಗಿ ಸೂಚ್ಯಂಕದವರು ಸ್ವಸ್ತಿಪುರಕ್ಕೆ ಪ್ರಥಮ ಸ್ಥಾನ ಕೊಟ್ಟರು. ರಾಜ್ಯವನ್ನು ಬಿರುಕುಮುಕ್ತವಾಗಿಸಿದ್ದಕ್ಕಾಗಿ ತಥಾಸ್ತುಸೇನನಿಗೆ 'ಶಿಲಾರತ್ನ' ಕಿರೀಟ ತೊಡಿಸಬೇಕೆಂದು ಪ್ರಭುಗಳು ಅಪ್ಪಣೆ ಮಾಡಿದರು. ಸಮಾರಂಭಕ್ಕೆ ವಿಶಾಲವಾದ ಜಾಗ ಬೇಕಿತ್ತು. ಕುಸಿದ ಕಲ್ಲುಗಳ ಪಕ್ಕದಲ್ಲೇ ಶಾಮಿಯಾನ ಹಾಕಿದರು.

ಶಾಮಿಯಾನದ ಹಿಂದೆ ಓಣಿಯ ಜನ ಖಾಲಿಯಾಗದೆ ಉಳಿದ ಎಂಟು ಮನೆಗಳವರಿಗಾಗಿ ಮೂರು ದಿನದಿಂದ ಅಗೆಯುತ್ತಿದ್ದರು. ಸಮಾರಂಭದ ದಿನ ಬೆಳಿಗ್ಗೆ ಹದಿನಾರನೇ ಮನೆಯಿದ್ದ ಕಡೆ ಕಲ್ಲಿನಡಿಯಿಂದ ಯಾರೋ ಬಡಿಯುವ ಸದ್ದು ಕಸ್ತೂರಿಗೆ ಕೇಳಿಸಿತ್ತು. ಅವಳು ಕಿರುಚಿ ಎಲ್ಲರನ್ನೂ ಕರೆದಳು. ಹಾರೆ, ಗುದ್ದಲಿ, ಬರಿಗೈ ಎಲ್ಲವೂ ಅಲ್ಲಿಗೇ ಬಂದವು. ಅಷ್ಟರಲ್ಲಿ ಒಬ್ಬ ಕಾವಲಿನವನು ಬಂದು, ಪ್ರಭುಗಳು ಭಾಷಣಕ್ಕೆ ನಿಂತಿದ್ದಾರೆ, ಹಾರೆಯ ಸದ್ದಿನಿಂದ ಮೈಕಿಗೆ ತೊಂದರೆಯಾಗುತ್ತದೆ, ನಿಲ್ಲಿಸಿ ಎಂದ.

"ಅಣ್ಣಾ, ಒಳಗ ನಮ್ಮ ಸರ ಅದಾರ! ಬಡಿಯಾಕಹತ್ತಾರ, ಕೇಳ್ರಿ!" ಎಂದಳು ಕಸ್ತೂರಿ.

ಕಾವಲಿನವನು ಬಗ್ಗಿ ಕಿವಿಯಿಟ್ಟ. ಅವನ ಮುಖ ಬಾಡಿತು. "ಹೌದು ತಂಗಿ, ನನಗೂ ಕೇಳಸ್ತೈತಿ," ಎಂದ. "ಭಾಷಣ ಮುಗೀಲಿ."

ಅವಳು ಕೇಳಲಿಲ್ಲ, ಗುದ್ದಲಿ ಎತ್ತಿದಳು. ಇನ್ನೂ ನಾಲ್ವರು ಕಾವಲಿನವರು ಬಂದು ಎಲ್ಲರ ಹಾರೆ, ಗುದ್ದಲಿ ಕಸಿದುಕೊಂಡರು. ಪ್ರಭುಗಳು ಅನ್ವೇಷಣೆಯ ಮಹತ್ವವನ್ನು ಕುರಿತು ಒಂದು ಗಂಟೆ ಮಾತನಾಡಿದರು. ಚಪ್ಪಾಳೆ ಜೋರಾಗಿದ್ದುದರಿಂದ ಇನ್ನೂ ಇಪ್ಪತ್ತು ನಿಮಿಷ ಮುಂದುವರಿಸಿದರು. ತಥಾಸ್ತುಸೇನನ ತಲೆಯ ಮೇಲೆ ಕಿರೀಟ ಸ್ವಲ್ಪ ಸಡಿಲಾಗಿದ್ದರೂ ಚೆನ್ನಾಗಿಯೇ ಒಪ್ಪಿತು. ಪ್ರಜೆಗಳಿಗೆಲ್ಲ ಒಂದೊಂದು ಲಾಡು ಸಿಕ್ಕಿತು.

ವಾದ್ಯಗಳು ನಿಂತು, ರಥಗಳು ಹೋದ ಮೇಲೆ ಗುದ್ದಲಿ ವಾಪಸು ಕೊಟ್ಟರು. ಕಸ್ತೂರಿ ಮೊದಲು ಕಲ್ಲಿಗೆ ಕಿವಿಯಿಟ್ಟಳು. ಸುತ್ತ ನಿಂತವರು ಅವಳ ಮುಖವನ್ನೇ ನೋಡಿದರು. ಅವಳು ಜಾಗ ಬದಲಿಸಿ ಇನ್ನೊಂದು ಕಡೆ ಕಿವಿಯಿಟ್ಟಳು, ಆಮೇಲೆ ಮತ್ತೊಂದು ಕಡೆ. ಬಹಳ ಹೊತ್ತಾದರೂ ಏಳಲಿಲ್ಲ. ಹುಲಿಗೆವ್ವ ಬಂದು ಮಗಳ ತೋಳು ಹಿಡಿದು ಎಬ್ಬಿಸಿದಳು. ಜನ ಮತ್ತೆ ಅಗೆಯತೊಡಗಿದರು. ಈಗ ಯಾರಿಗೂ ಅವಸರವಿರಲಿಲ್ಲ.